ಫಾಸ್ಫೊ ಬ್ಯಾಂಡ್ ಬರುತ್ತಲೇ ಇಲ್ಲ, ಯಾರಾದರೂ ದಾರಿ ತೋರಿಸಿ

ಬಿಸಿಲುನಾಡು (ಕಲಬುರಗಿ): ತಲೆ ಕೆಟ್ಟುಹೋಗಿದೆ. ಹೆಪ್‌ಜಿ2 ಎಂಬ ಯಕೃತ್ತಿನ ಕೋಶಗಳಿಗೆ 100 ನ್ಯಾನೊಮೋಲಾರ್ ಇನ್ಸುಲಿನ್ ಕೊಟ್ಟು, 10 ನಿಮಿಷದ ಬಳಿಕ ಒಡೆದು ವೆಸ್ಟರ್ನ್ ಬ್ಲಾಟ್ (ಪ್ರೋಟೀನನ್ನು ಮೆಂಬ್ರೇನ್‌ಗೆ ಇಳಿಸಿ ಆಂಟಿಬಾಡಿಯಿಂದ ಗುರುತಿಸುವ ಪರೀಕ್ಷೆ) ಮಾಡುತ್ತಿದ್ದೇನೆ. ಒಟ್ಟು ಇನ್ಸುಲಿನ್ ರಿಸೆಪ್ಟರ್‌ನ (ಇನ್ಸುಲಿನ್ ಹಿಡಿಯುವ ಪ್ರೋಟೀನ್) ಬ್ಯಾಂಡ್ ದಪ್ಪಗೆ ಕಾಣುತ್ತದೆ. ಫಾಸ್ಫೇಟ್ ಅಂಟಿದ ಟೈರೋಸಿನ್ ಗುರುತಿಸುವ ಫಾಸ್ಫೊಟೈರೋಸಿನ್ ಆಂಟಿಬಾಡಿ ಹಾಕಿದರೆ ಮೆಂಬ್ರೇನ್ ಖಾಲಿ. ಕೋಶ ಒಡೆಯುವ ಬಫರ್ ಮಾಮೂಲಿನದೇ. ಗೈಡ್ ಕರೆ ಬಂದರೆ ಎತ್ತಲು ಭಯವಾಗುತ್ತಿದೆ.

ಜೆಲ್‌ಪೆಟ್ಟಿಗೆ (ಬೀದರ್): ಮೆಂಬ್ರೇನಿನ ಖಾಲಿ ಜಾಗವನ್ನು ಹಾಲಿನ ಪುಡಿಯಲ್ಲಿ ಬ್ಲಾಕ್ ಮಾಡಿರುತ್ತೀರಿ. ಹಾಲಿನ ಪ್ರೋಟೀನ್ ಆದ ಕೇಸೀನ್‌ನಲ್ಲೇ ಫಾಸ್ಫೇಟ್ ಇರುತ್ತದೆ. ಬಿಎಸ್ಎ (ದನದ ರಕ್ತದ ಅಲ್ಬುಮಿನ್) ಬಳಸಿ.

ಬಿಸಿಲುನಾಡು: ಬಿಎಸ್ಎಯನ್ನೇ ಬಳಸಿದ್ದು, ಸರ್.

ಜೆಲ್‌ಪೆಟ್ಟಿಗೆ: ಹಾಗಾದರೆ ಆ ಬಿಎಸ್ಎ ಸರಿಯಿಲ್ಲ.

ಭೀಮಾತೀರ (ಯಾದಗಿರಿ): ಕೇಸೀನ್‌ನಿಂದ ಹಿನ್ನೆಲೆ ಕಪ್ಪಾಗುತ್ತದೆ, ಬ್ಯಾಂಡ್ ಮಾಯವಾಗುವುದಿಲ್ಲ. ಎಲ್ಲ ಪ್ರಶ್ನೆಗೂ ಹಾಲೇ ಉತ್ತರವೇ? ಬಿಸಿಲುನಾಡು, ಬಫರ್‌ನಲ್ಲಿ ಏನೇನಿದೆ ಹೇಳಮ್ಮ.

ಬಿಸಿಲುನಾಡು: ಟ್ರಿಸ್, ಉಪ್ಪು, ಟ್ರೈಟಾನ್, ಲೋಹ ಹಿಡಿಯುವ ಇಡಿಟಿಎ 5 ಮಿಲಿಮೋಲಾರ್, ಪ್ರೋಟಿಯೇಸ್ ತಡೆಯುವ ಮಾತ್ರೆ. ಫಾಸ್ಫೇಟ್ ಕೀಳುವ ಕಿಣ್ವಗಳನ್ನು ತಡೆಯಲು 1 ಮಿಲಿಮೋಲಾರ್ ಆರ್ಥೊವನಡೇಟ್ ಕೂಡ ಇದೆ.

ಭೀಮಾತೀರ: ಇದನ್ನು ಮೊದಲೇ ಹೇಳಬಾರದಿತ್ತೇ! ರಿಸೆಪ್ಟರ್‌ನ ಟೈರೋಸಿನ್‌ನಿಂದ ಫಾಸ್ಫೇಟ್ ಕಿತ್ತು ಇನ್ಸುಲಿನ್ ಸಂಕೇತವನ್ನು ತಗ್ಗಿಸುವುದು ಪಿಟಿಪಿ1ಬಿಯಂಥ ಫಾಸ್ಫಟೇಸ್ ಕಿಣ್ವಗಳ ಕೆಲಸ. 1999ರಲ್ಲಿ ಪಿಟಿಪಿ1ಬಿ ಜೀನ್ ತೆಗೆದ ಇಲಿಗಳಲ್ಲಿ ಇನ್ಸುಲಿನ್ ಪರಿಣಾಮ ಹೆಚ್ಚಾಗಿತ್ತು. ಕೋಶದೊಳಗೆ ಅದು ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್ ಎಂಬ ಒಳಪೊರೆಗೆ ಅಂಟಿಕೊಂಡಿರುತ್ತದೆ. ಕೋಶ ಒಡೆದ ಕ್ಷಣ ಆ ಕಟ್ಟು ಕಳಚುತ್ತದೆ. ಕೋಶದ ಇಂಧನವಾದ ಎಟಿಪಿ ತೆಳುವಾಗಿ, ಫಾಸ್ಫೇಟ್ ಸೇರಿಸುವ ಕೈನೇಸ್ ಸೋಲುತ್ತದೆ, ಎಟಿಪಿ ಬೇಡದ ಫಾಸ್ಫಟೇಸ್ ಮೇಯುತ್ತಲೇ ಇರುತ್ತದೆ. ಅದನ್ನು ತಡೆಯಲು ಹಾಕಿದ ವನಡೇಟನ್ನು ನಿಮ್ಮ ಇಡಿಟಿಎ ಹಿಡಿದುಕೊಳ್ಳುತ್ತಿದೆ. ಟೈರೋಸಿನ್ ಫಾಸ್ಫಟೇಸ್‌ಗೆ ಲೋಹವೇ ಬೇಡ, ಆದ್ದರಿಂದ ಇಡಿಟಿಎ ಅದನ್ನು ತಡೆಯುವುದಿಲ್ಲ. ಇಡಿಟಿಎ ಬಿಡಿ, ವನಡೇಟನ್ನು ಕೆಡಿಸುವ ಡಿಟಿಟಿಯನ್ನೂ ಹಾಕಬೇಡಿ. ವನಡೇಟನ್ನು ಪಿಎಚ್ 10ಕ್ಕೆ ತಂದು, ಹಳದಿ ಹೋಗುವವರೆಗೆ ಕುದಿಸಿ, ಆರಿಸಿ, ಮತ್ತೆ ಪಿಎಚ್ ನೋಡಿ.

ಜೆಲ್‌ಪೆಟ್ಟಿಗೆ: ನಾನು ಇಡಿಟಿಎ ಹಾಕಿಯೇ ಬ್ಯಾಂಡ್ ಪಡೆದಿದ್ದೇನೆ.

ಭೀಮಾತೀರ: ಯಾವ ಪ್ರೋಟೀನ್?

ಜೆಲ್‌ಪೆಟ್ಟಿಗೆ: ಎಕೆಟಿ, 473ನೇ ಸೆರಿನ್.

ಭೀಮಾತೀರ: ಅದು ಸೆರಿನ್, ಟೈರೋಸಿನ್ ಅಲ್ಲ, ಸರ್! ಅಲ್ಲಿನ ಫಾಸ್ಫಟೇಸ್ ತಡೆಯಲು ಫ್ಲೋರೈಡ್, ಬೀಟಾ-ಗ್ಲಿಸರೊಫಾಸ್ಫೇಟ್ ಬೇಕು. ಬಿಸಿಲುನಾಡು, ಒಂದು ತಟ್ಟೆ ಕೋಶಗಳಿಗೆ ವನಡೇಟ್ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಬೆರೆಸಿದ ಪರ್‌ವನಡೇಟ್ ಕೊಡಿ, ಅದು ಟೈರೋಸಿನ್ ಫಾಸ್ಫಟೇಸ್‌ಗಳನ್ನು ಕಟ್ಟಿಹಾಕುತ್ತದೆ. ಅದರಲ್ಲೂ ಬ್ಯಾಂಡ್ ಬಾರದಿದ್ದರೆ ಆಗ ಆಂಟಿಬಾಡಿಯನ್ನು ಬೈಯೋಣ.

ಶರಣು_ಲ್ಯಾಬ್ (ಕಲಬುರಗಿ): ಮೇ ತಿಂಗಳಲ್ಲಿ ನಮ್ಮ ಊರಿನಲ್ಲಿ ಮಾದರಿ ಇಡುವ ಐಸ್ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಯಾರೂ ಕೇಳಲಿಲ್ಲ. ನಾನಂತೂ ಮೈನಸ್ 80 ಫ್ರೀಜರ್‌ಗೆ ಪ್ರತ್ಯೇಕ ಜನರೇಟರ್ ಇಟ್ಟುಕೊಂಡಿದ್ದೇನೆ.

ಜೆಲ್‌ಪೆಟ್ಟಿಗೆ: ಎಷ್ಟು ಕೆವಿಎ? ನಮ್ಮದು 15.

ಶರಣು_ಲ್ಯಾಬ್: 25. ಡೀಸೆಲ್ ಖರ್ಚು ಮಾತ್ರ ಕೇಳಬೇಡಿ.