ಬಾಲ್ ಜಾಯಿಂಟ್‌ಗೆ ಕನ್ನಡ ಪದ ಬೇಕು (ಪೇಂಟರ್ ನಾಳೆ ಬೆಳಿಗ್ಗೆ ಬರ್ತಾರೆ)

ಎಲ್ಲರಿಗೂ ನಮಸ್ಕಾರ. ಮೈಸೂರಿನಲ್ಲಿ ನಮ್ಮ ಮಾವನದೊಂದು ಗ್ಯಾರೇಜಿದೆ. ಹಳೇ ಕಾರುಗಳನ್ನು ಗಿರಾಕಿ ಕೇಳಿದ ಹಾಗೆ ಮಾರ್ಪಡಿಸಿ ಕೊಡುತ್ತಾರೆ. ಬೋರ್ಡಿನಲ್ಲಿ ಶೇ 60 ಕನ್ನಡ ಇರಬೇಕು ಅನ್ನುವ ಕಾಯ್ದೆ 2024ರಲ್ಲೇ ಬಂತು, ನಾವು ಈಗ ಎದ್ದಿದ್ದೇವೆ. ಎಲ್ಲ ಸಾಲಿಗೂ ಪದ ಸಿಕ್ಕಿತು, ಬಾಲ್ ಜಾಯಿಂಟ್ ಒಂದೇ ಬಾಕಿ.

ವಸ್ತು ಗೊತ್ತಿಲ್ಲದವರಿಗೆ: ಈಗ ಜಾಕಿ ಮೇಲಿರುವುದು ಒಂದು ಕಾಂಟೆಸ್ಸಾ ಕಾರು. ಮುಂದಿನ ಒಂದೊಂದು ಚಕ್ರಕ್ಕೂ ಮೇಲಿನ ಆರ್ಮಿಗೊಂದು (ಆರ್ಮ್ ಅಂದರೆ ಚಕ್ರ ಹಿಡಿಯುವ ತೋಳು), ಕೆಳಗಿನ ಆರ್ಮಿಗೊಂದು, ಒಟ್ಟು 4 ಬಾಲ್ ಜಾಯಿಂಟ್. ಉಕ್ಕಿನ ಗುಂಡು ತಲೆಯೊಂದು ಬಟ್ಟಲಿನಲ್ಲಿ ಗ್ರೀಸ್ ಸವರಿಕೊಂಡು ಕೂತಿರುತ್ತದೆ. ಚಕ್ರ ಕುಣಿದರೂ ತಿರುಗಿದರೂ ಅದು ಅಲ್ಲೇ ಹೊರಳಬೇಕು. ಈ ಗಾಡಿಯ ಸ್ಪ್ರಿಂಗ್ ಕತ್ತರಿಸಿ ತಗ್ಗಿಸಿದ್ದಾರೆ. ಹಾಗಾಗಿ ತಲೆ ಸದಾ ಓರೆ. ರಬ್ಬರ್ ಬೂಟು ಹರಿದು ಮಣ್ಣು ಸೇರಿದೆ. ಹಂಪ್ ಬಂದರೆ ಟಕ್ ಅನ್ನುತ್ತದೆ. ಬೇಗ ಹೇಳಿ.

*

'ಗೋಳಸಂಧಿ'. ಇದರಲ್ಲಿ ಚರ್ಚೆಗೆ ಏನಿದೆ?
(ಬೆಂಗಳೂರು)

*

ಸ್ವಾಮಿ, ಬೋರ್ಡು ಓದುವವರಿಗೆ ಸಂಧಿಯೂ ಸಂದಿಯೂ ಒಂದೇ. ಗೋಳಾಡುವ ಸಂದಿ ಅಂದುಕೊಂಡು ಮುಂದೆ ಹೋಗುತ್ತಾರೆ.

ನಮ್ಮ ಹತ್ತಿರ ಕೀಲು ಇಲ್ಲವೇ? ಮಂಡಿಗೆ ಕೀಲು, ಗೊಂಬೆಗೆ ಕೀಲು. ಬಂಡಿಯ ಚಕ್ರ ಕಳಚದ ಹಾಗೆ ಹಿಡಿಯುವ ಕಡೆಗೀಲು ವಚನಗಳಲ್ಲೇ ಇದೆ. ಅದೇ ದಾರಿಯಲ್ಲಿ 'ಗುಂಡುಗೀಲು' ಅನ್ನಿ. ದಯವಿಟ್ಟು 'ಗುಂಡುಕೀಲು' ಬೇಡ. ಅಲ್ಲಿ ಗಕಾರ ಬರಲೇಬೇಕು.
(ಶಿವಮೊಗ್ಗ)

*

ಗಕಾರ ನೆನಪಿದೆ, ಮೂಲ ಮರೆತಿದ್ದೀರಿ. ಕೀಲು ಬಂದದ್ದು ಸಂಸ್ಕೃತದ 'ಕೀಲ'ದಿಂದ. ಅರ್ಥ ಗೂಟ. ಅಚ್ಚಗನ್ನಡದ ಹೆಸರಿನಲ್ಲಿ ತದ್ಭವ ಮಾರಬೇಡಿ.
(ಬೆಂಗಳೂರು)

*

ತಮಿಳರೂ ಕೀಲ್ ಅನ್ನುತ್ತಾರೆ. ಅವರೂ ನಿಮ್ಮ ಅಂಗಡಿಯಿಂದಲೇ ಒಯ್ದರೋ? ತದ್ಭವವೇ ಆಗಲಿ, ಗುಂಡು ಜೊತೆ ಸೇರಿದರೆ ಅರಿಸಮಾಸ (ಸಂಸ್ಕೃತ, ಕನ್ನಡ ಬೆರಕೆಯ ತಪ್ಪು ಸಮಾಸ) ಆಗುವುದಿಲ್ಲ. ನಾಳೆ ಯಾರಾದರೂ 'ಗೋಳಗೀಲು' ಅಂದರೆ ಅದು ಅರಿಸಮಾಸ. ವ್ಯಾಕರಣ ಬರೆದ ಕೇಶಿರಾಜ ವಿನಾಯಿತಿ ಕೊಟ್ಟಿದ್ದು ಬಿರುದಾವಳಿಗೆ, ಗ್ಯಾರೇಜಿಗಲ್ಲ.
(ಶಿವಮೊಗ್ಗ)

*

ನಮ್ಮ ಕಡೆ ಕೀಲಿ ಅಂದ್ರೆ ಬೀಗ. 'ಮನಿಗೆ ಕೀಲಿ ಹಾಕಿ ಬಾ' ಅಂತೀವಿ. ಬೋರ್ಡಿನ ಮೇಲೆ ಕೀಲು ನೋಡಿ ಯಾರಾದರೂ ಬೀಗ ರಿಪೇರಿಗೆ ಬಂದರೆ ನಾನು ಹೊಣೆಗಾರನಲ್ಲ.
(ಧಾರವಾಡ)

*

ಪ್ರಶ್ನೆ ಕೇಳಿದವನೇ ಬರೆಯುತ್ತಿದ್ದೇನೆ. 'ಗುಂಡುಗೀಲು ಹಾಕಿಕೊಡಲಾಗುತ್ತದೆ' ಅಂತ ಚೀಟಿಯಲ್ಲಿ ಬರೆದು ಮಾವನಿಗೆ ತೋರಿಸಿದೆ. ಅವರು ಕಾಂಟೆಸ್ಸಾ ಕೆಳಗಿದ್ದರು. ನಟ್ಟನ್ನು ಪೂರ್ತಿ ತೆಗೆಯದೆ ಎರಡು ಸುತ್ತು ಸಡಿಲಿಸಿ, ಸ್ಪ್ರಿಂಗ್ ಹಾರದ ಹಾಗೆ ಕೆಳಗಿನ ಆರ್ಮಿಗೆ ಜಾಕಿ ಕೊಟ್ಟು, ಚಕ್ರ ಹೊತ್ತ ನಕಲ್ ಅನ್ನುವ ಉಕ್ಕಿನ ಭಾಗದ ಪಕ್ಕಕ್ಕೆ ಸುತ್ತಿಗೆಯಲ್ಲಿ ಬಡಿಯುತ್ತಿದ್ದರು. ನಾಲ್ಕನೇ ಏಟಿಗೆ ಟಪ್ ಅಂತ ಬಿಟ್ಟಿತು. ಆಮೇಲೆ ಚೀಟಿ ಓದಿದರು. 'ಗುಂಡು ಹಾಕೋ ಜಾಗ ಅಂತ ಸಂಜೆ ಹೊತ್ತು ಕ್ಯೂ ನಿಲ್ತಾರೆ ಕಣೋ' ಅಂದರು. ಹುಡುಗರು ಇನ್ನೂ ನಗುತ್ತಿದ್ದಾರೆ. ಬೇರೆ ಏನಾದರೂ?

*

ಸುಮ್ನೆ 'ಬಾಲ್ ಜಾಯಿಂಟ್' ಅಂತ ಬರೆಸಿ ಮಾರಾಯರೇ. ಗಿರಾಕಿ ಬಂದು ಹೇಳುವುದೇ 'ಬಾಲ್ ಜಾಯಿಂಟ್ ಹೋಗಿದೆ, ಪ್ಲೇ ಬಂದಿದೆ' ಅಂತ. ಬೀಗ ತೆಗೆಯುವ ಚಾವಿ ಪೋರ್ಚುಗೀಸರದ್ದು. ಅದನ್ನು ವಾಪಸ್ ಕೊಟ್ಟವರು ಯಾರಿದ್ದಾರೆ?
(ಮಂಗಳೂರು)

*

ಚಾವಿ ನಮ್ಮ ಬಾಯಿಗೆ ಒಗ್ಗಿ ಬಂತು. ಇದು ಇಂಗ್ಲಿಷಿಗೆ ಕನ್ನಡ ಲಿಪಿಯ ಅಂಗಿ ತೊಡಿಸಿದ್ದು, ಅಷ್ಟೇ. ಹೀಗೇ ಬಿಟ್ಟರೆ 60 ಭಾಗವೂ ಅಂಗಿಯೇ ಆಗುತ್ತದೆ.
(ಶಿವಮೊಗ್ಗ)

*

ಹಾಗಾದರೆ ಮೊದಲು 'ಗ್ಯಾರೇಜು', 'ಬೋರ್ಡು', 'ಪೇಂಟರ್' ಸರಿ ಮಾಡಿ. ನಂತರ ಚಕ್ರಕ್ಕೆ ಬನ್ನಿ. ಅಂದ ಹಾಗೆ ಚಕ್ರವೂ ಸಂಸ್ಕೃತ.
(ಬೆಂಗಳೂರು)

*

ಗಾಲಿ ಅನ್ನಿ, ಮುಗೀತು.
(ಧಾರವಾಡ)

*

ಪೇಂಟರ್ ಬಂದು ಹೋದರು. ಧಾರವಾಡದವರ ಗಾಲಿ, ಶಿವಮೊಗ್ಗದವರ ಕೀಲು, ಮಂಗಳೂರಿನವರ ಮಾತು ಮೂರೂ ಸೇರಿವೆ: 'ಗಾಲಿ ಕೀಲು (ಬಾಲ್ ಜಾಯಿಂಟ್) ಬದಲಿಸಿ ಕೊಡುತ್ತೇವೆ'. ಗಕಾರ ಬರಲಿಲ್ಲ, ಎರಡು ಪದ ಬಿಡಿಸಿ ಬರೆಸಿದ್ದೇನೆ, ಬೈಯಬೇಡಿ. ಕಾಂಟೆಸ್ಸಾ ಅಲೈನ್‌ಮೆಂಟಿಗೆ ಹೋಗಿದೆ. ಟಕ್ ಸದ್ದು ನಿಂತಿದೆ.

ನಟ್ಟು ಕಳಚದ ಹಾಗೆ ಹಿಡಿಯುವ ಸ್ಪ್ಲಿಟ್ ಪಿನ್‌ಗೆ ಪದ ಬೇಕಿಲ್ಲ. ಯಾರೂ ಶುರು ಮಾಡಬೇಡಿ.

*

ಸೀಳುಗಡ್ಡಿ.
(ಶಿವಮೊಗ್ಗ)