ಹನ್ನೆರಡು ಮಕ್ಕಳು, ಏಳು ಜಾಗ: ಯಾರನ್ನು ಎಷ್ಟು ಹೊತ್ತು ಆಡಿಸೋದು?

ಕೇಳಿದವರು: ಫ್ರೀಮಾಂಟ್, ಕ್ಯಾಲಿಫೋರ್ನಿಯಾ

ಎಲ್ಲರಿಗೂ ನಮಸ್ಕಾರ. ಮಗಳ ಅಂಡರ್-10 ಸಾಕರ್ (ಫುಟ್‌ಬಾಲ್) ಟೀಮಿಗೆ ಕೋಚ್ ಸಿಗಲಿಲ್ಲ ಅಂತ ಈ ಸಲ ನಾನೇ ಒಪ್ಪಿಕೊಂಡೆ. ಕಾಲೇಜಿನಲ್ಲಿ ಥ್ರೋಬಾಲ್ ಆಡಿದ್ದು ಬಿಟ್ಟರೆ ಬೇರೆ ಅನುಭವ ಇಲ್ಲ. ಟೀಮಿನಲ್ಲಿ 12 ಮಕ್ಕಳಿದ್ದಾರೆ. ಮೈದಾನದಲ್ಲಿ ಒಂದು ಸಲಕ್ಕೆ ಏಳೇ ಜನ. ಮೊದಲ ಮ್ಯಾಚ್ ಮುಗಿಯುತ್ತಿದ್ದ ಹಾಗೆ ಇಬ್ಬರು ಅಪ್ಪಂದಿರು ಬಂದು, "ನಮ್ಮ ಮಗುವನ್ನ ಜಾಸ್ತಿ ಹೊತ್ತು ಕೂರಿಸಿದ್ರಿ" ಅಂದರು. ಅವರು ಹೇಳಿದ್ದು ನಿಜವೋ ಅಲ್ಲವೋ ನನಗೇ ಗೊತ್ತಿಲ್ಲ. ನಾನು ಲೆಕ್ಕ ಇಟ್ಟಿರಲಿಲ್ಲ. ನೀವೆಲ್ಲ ಹೇಗೆ ಮಾಡ್ತೀರಿ?

ಸ್ಯಾನ್ ಹೋಸೆಯಿಂದ, ಆರು ವರ್ಷದಿಂದ ಕೋಚ್

ಮೇಡಂ, ಲೆಕ್ಕ ಇಟ್ಟಿರಲಿಲ್ಲ ಅಂದಿರಲ್ಲ, ಮೊದಲು ಅದನ್ನೇ ಹಿಡಿದುಕೊಳ್ಳೋಣ. ನಾನೂ ಮೊದಲ ವರ್ಷ ಎಲ್ಲವನ್ನೂ ತಲೆಯಲ್ಲೇ ಇಟ್ಟುಕೊಂಡಿದ್ದೆ. ಅಕ್ಟೋಬರ್‌ನ ಒಂದು ಶನಿವಾರ ಮ್ಯಾಚು 2-2ರಲ್ಲಿ ನಿಂತಿತ್ತು. ಚೆನ್ನಾಗಿ ಆಡುತ್ತಿದ್ದವರನ್ನು ಹೊರಗೆ ಕರೆಯಲು ಮನಸ್ಸು ಬರಲಿಲ್ಲ. ಕೊನೆಯ ವಿಸಿಲ್ ಆದ ಮೇಲೆ ನೋಡಿದರೆ, ನಮ್ಮ ಟೀಮಿನ ಒಬ್ಬ ಮೆತ್ತನೆಯ ಹುಡುಗ ಒಂದೇ ಒಂದು ಕ್ವಾರ್ಟರ್, ಅಂದರೆ ಕಾಲು ಮ್ಯಾಚ್, ಆಡಿದ್ದ. ಬಾಯಿಬಿಟ್ಟು ಕೇಳುವ ಮಗು ಅಲ್ಲ ಅದು. ಶಿನ್ ಗಾರ್ಡ್ ಕಟ್ಟಿಕೊಂಡು, ನೀರಿನ ಬಾಟಲಿಯನ್ನು ಮಡಿಲಲ್ಲಿಟ್ಟುಕೊಂಡು ಕೂತೇ ಇದ್ದ. ಅವನ ತಾತ ದಾವಣಗೆರೆಯಿಂದ ಬಂದಿದ್ದರು. ಮೊಮ್ಮಗನ ಆಟ ನೋಡಬೇಕು ಅಂತ ಎಲ್ಲರಿಗಿಂತ ಮೊದಲೇ ಬಂದು ಲೈನಿನ ಪಕ್ಕ ಕುರ್ಚಿ ಹಾಕಿಕೊಂಡಿದ್ದರು. ಹೊರಡುವಾಗ ನನ್ನ ಹತ್ತಿರ ಬಂದು ಕೇಳಿದ್ದು ಇಷ್ಟೇ: "ನಮ್ಮ ಹುಡುಗನ್ನ ಯಾಕೆ ಕರೀಲಿಲ್ಲಪ್ಪ?" ಸಿಟ್ಟಿನಿಂದ ಕೇಳಲಿಲ್ಲ. ಅವರಿಗೆ ತಿಳಿದುಕೊಳ್ಳಬೇಕಿತ್ತು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅವತ್ತು ರಾತ್ರಿಯೇ ಕಾಗದ, ಪೆನ್ಸಿಲ್ ಹಿಡಿದು ಕೂತೆ.

ಲೆಕ್ಕ ಸುಲಭ. 25 ನಿಮಿಷದ ಎರಡು ಹಾಫ್. ಪ್ರತಿ ಹಾಫಿನ ಮಧ್ಯೆ ಒಂದು ಸಲ ಆಟಗಾರರನ್ನು ಬದಲಾಯಿಸಿದರೆ ನಾಲ್ಕು ಕ್ವಾರ್ಟರ್ ಆಯಿತು. ಒಂದೊಂದು ಹನ್ನೆರಡೂವರೆ ನಿಮಿಷ. ಏಳು ಜನ, ನಾಲ್ಕು ಕ್ವಾರ್ಟರ್, ಒಟ್ಟು 28 ಸರದಿ. 12 ಮಕ್ಕಳಿಗೆ ಹಂಚಿದರೆ ನಾಲ್ಕು ಜನಕ್ಕೆ ಮೂರು ಸರದಿ, ಎಂಟು ಜನಕ್ಕೆ ಎರಡು. ಮುಂದಿನ ವಾರ ಬೇರೆ ನಾಲ್ಕು ಜನಕ್ಕೆ ಮೂರು. ಮೂರು ಮ್ಯಾಚ್ ಮುಗಿಯುವಷ್ಟರಲ್ಲಿ ಪ್ರತಿ ಮಗುವೂ ಸರಿಯಾಗಿ ಏಳು ಸರದಿ ಆಡಿರುತ್ತದೆ. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆ ಇಲ್ಲ. ಇದನ್ನು ನೋಡಿದಾಗ ನನಗೆ ಎಷ್ಟು ಸಮಾಧಾನ ಆಯಿತು ಅಂತ ಹೇಳಲಾರೆ.

ಒಬ್ಬರು ರಜಾ ಹಾಕಿ 11 ಮಕ್ಕಳು ಬಂದರೆ ಆರು ಜನಕ್ಕೆ ಮೂರು, ಐದು ಜನಕ್ಕೆ ಎರಡು. 10 ಬಂದರೆ ಎಂಟು ಜನಕ್ಕೆ ಮೂರು, ಇಬ್ಬರಿಗೆ ಎರಡು. ನಾನು ಶುಕ್ರವಾರ ರಾತ್ರಿಯೇ ಮೂರೂ ಲೆಕ್ಕದ ಚೀಟಿ ಬರೆದಿಟ್ಟುಕೊಳ್ಳುತ್ತೇನೆ. ಬೆಳಿಗ್ಗೆ ತಲೆ ಎಣಿಸಿ, ಸರಿಹೊಂದುವ ಚೀಟಿ ಜೇಬಿನಿಂದ ತೆಗೆಯುವುದು ಅಷ್ಟೆ. ಫೋನಿನಲ್ಲಿ ಬೇಡ. ಬಿಸಿಲಿಗೆ ಸ್ಕ್ರೀನ್ ಕಾಣಿಸಲ್ಲ, ನಿಮ್ಮ ಕಣ್ಣೂ ಆಟದಿಂದ ಆಚೆ ಹೋಗುತ್ತೆ.

ಗೋಲಿಯ, ಅಂದರೆ ಗೋಲ್ ಕೀಪರ್‌ನ, ವಿಷಯ ಸ್ವಲ್ಪ ನೋಡಿಕೊಳ್ಳಿ. ಗ್ಲೌಸ್, ಬೇರೆ ಬಣ್ಣದ ಶರ್ಟು ಎಲ್ಲ ಬದಲಾಯಿಸಬೇಕಲ್ಲ, ಹಾಗಾಗಿ ನಾನು ಗೋಲಿಯನ್ನು ಹಾಫ್ ಟೈಮಿನಲ್ಲಿ ಮಾತ್ರ ಬದಲಿಸುತ್ತೇನೆ. ಒಂದು ಮ್ಯಾಚಿಗೆ ಇಬ್ಬರು. ಅವರಿಬ್ಬರನ್ನೂ ಮೂರು ಸರದಿಯ ಗುಂಪಿಗೇ ಸೇರಿಸುತ್ತೇನೆ. ಎರಡು ಸರದಿ ಗೋಲಿನಲ್ಲಿ ನಿಂತ ಮಗುವಿಗೆ ಓಡಾಡಲು ಒಂದಾದರೂ ಸಿಗಬೇಕು. ಆರು ಮ್ಯಾಚಿನಲ್ಲಿ ಹನ್ನೆರಡು ಮಕ್ಕಳೂ ಒಂದೊಂದು ಸಲ ಗೋಲಿ ಆಗಿರುತ್ತಾರೆ. ಹಾಗೆಯೇ ಗಟ್ಟಿಯಾಗಿ ಆಡುವ ಮೂರು ನಾಲ್ಕು ಜನ ಒಂದೇ ಕ್ವಾರ್ಟರಿನಲ್ಲಿ ಹೊರಗೆ ಕೂರದ ಹಾಗೆ ಹರಡಿ. ಇದು ಮೋಸ ಅಲ್ಲ. ಸರದಿ ಎಲ್ಲರಿಗೂ ಅಷ್ಟೇ ಇರುತ್ತೆ.

ಪ್ರಾಕ್ಟೀಸ್‌ಗೆ ಬರದ ಮಕ್ಕಳಿಗೆ ಆಟ ಕಡಿಮೆ ಕೊಡಿ ಅಂತ ಕೆಲವರು ಹೇಳ್ತಾರೆ. ದಯವಿಟ್ಟು ಈ ವಯಸ್ಸಿನಲ್ಲಿ ಹಾಗೆ ಮಾಡಬೇಡಿ. ಒಂಬತ್ತು ವರ್ಷದ ಮಗುವನ್ನು ಕರೆದುಕೊಂಡು ಬರಬೇಕಾದವರು ಅಪ್ಪ ಅಮ್ಮ. ಅವರ ಕೆಲಸದ ಪಾಳಿಗೆ ಮಗು ಯಾಕೆ ದಂಡ ಕಟ್ಟಬೇಕು?

ಬೆಂಗಳೂರಿನಿಂದ ಒಬ್ಬ ಅಮ್ಮ

ನಾನು ಕೋಚ್ ಅಲ್ಲ. ಬೆಂಚಿನ ಕಡೆಯಿಂದ ಹೇಳ್ತೀನಿ. ಮಗ ಶಾಲೆಯ ಅಂಡರ್-12 ಫುಟ್‌ಬಾಲ್ ಟೀಮಿನಲ್ಲಿದ್ದ. 20ಕ್ಕೂ ಹೆಚ್ಚು ಮಕ್ಕಳನ್ನು ಆರಿಸಿದ್ದರು. ಟೂರ್ನಮೆಂಟ್ ದಿನ ಬೆಳಿಗ್ಗೆ ಐದಕ್ಕೆ ಎದ್ದು, ಜರ್ಸಿ ಹಾಕಿಕೊಂಡು, ಚಿತ್ರಾನ್ನದ ಡಬ್ಬಿ ಹಿಡಿದು ಬಸ್ಸು ಹತ್ತಿದ. ಸಾಯಂಕಾಲ ಬಂದಾಗ ಜರ್ಸಿಯಲ್ಲಿ ಒಂದು ಚೂರೂ ಮಣ್ಣಿರಲಿಲ್ಲ. ನಾನು ಕೇಳುವ ಮೊದಲೇ, "ಒಗೆಯೋದು ಬೇಡಮ್ಮ, ಗಲೀಜಾಗಿಲ್ಲ" ಅಂದ. ಆ ಮಾತು ಇವತ್ತಿಗೂ ಕಿವಿಯಲ್ಲಿದೆ.

ಆಡಿಸಲಿಲ್ಲ ಅನ್ನೋದಕ್ಕಿಂತ, ಆಡಿಸಲ್ಲ ಅಂತ ಯಾರೂ ಮೊದಲೇ ಹೇಳಲಿಲ್ಲ ಅನ್ನೋದು ಅವನಿಗೆ ಜಾಸ್ತಿ ನೋವಾಗಿತ್ತು. ಈಗಲೋ ಆಗಲೋ ಕರೀತಾರೆ ಅಂತ ದಿನವಿಡೀ ಬೂಟಿನ ಲೇಸು ಬಿಗಿ ಮಾಡಿಕೊಂಡೇ ಕೂತಿದ್ದನಂತೆ. ಅದಕ್ಕೇ ಕೇಳಿಕೊಳ್ಳೋದು: ನಿಮ್ಮ ಚೀಟಿಯನ್ನು ಮಕ್ಕಳಿಗೂ ತೋರಿಸಿ. "ನಿನ್ನ ಸರದಿ ಎರಡನೇ ಕ್ವಾರ್ಟರು" ಅಂತ ಗೊತ್ತಿದ್ದರೆ ಮೊದಲನೇ ಕ್ವಾರ್ಟರಿನಲ್ಲಿ ಮಗು ನೆಮ್ಮದಿಯಾಗಿ ಆಟ ನೋಡುತ್ತೆ, ಗೆಳೆಯರಿಗೆ ಚಪ್ಪಾಳೆ ತಟ್ಟುತ್ತೆ.

ಸ್ಯಾಕ್ರಮೆಂಟೋದಿಂದ, ಅಂಡರ್-12 ಕೋಚ್

ನಮ್ಮದು ಒಂಬತ್ತು ಜನರ ಆಟ, 16 ಮಕ್ಕಳು, 60 ನಿಮಿಷ. ಸಮನಾಗಿ ಹಂಚಿದರೆ ತಲೆಗೆ 34 ನಿಮಿಷವೂ ಪೂರ್ತಿ ಸಿಗಲ್ಲ. ಅಮೆರಿಕನ್ ಯೂತ್ ಸಾಕರ್ ಆರ್ಗನೈಸೇಶನ್ 1964ರಲ್ಲಿ ಶುರುವಾದಾಗಿಂದ ಎಲ್ಲ ಮಕ್ಕಳೂ ಆಡಬೇಕು ಅಂತಲೇ ಹೇಳಿಕೊಂಡು ಬಂದಿದೆ. ಪ್ರತಿ ಮಗುವಿಗೂ ಕನಿಷ್ಠ ಅರ್ಧ ಮ್ಯಾಚ್ ಸಿಗಬೇಕು ಅನ್ನೋದು ಅವರ ನಿಯಮ. ಮುಕ್ಕಾಲು ಮ್ಯಾಚ್ ಸಿಕ್ಕರೆ ಇನ್ನೂ ಒಳ್ಳೆಯದು ಅಂತಾರೆ. 16 ಮಕ್ಕಳಿದ್ದರೆ ಅರ್ಧ ದಾಟಿಸುವುದೇ ಕಷ್ಟ.

ಕ್ವಾರ್ಟರ್ ಲೆಕ್ಕಕ್ಕೆ ನನ್ನದು ಸ್ವಲ್ಪ ತಕರಾರಿದೆ. ಒಂದೇ ಸಲ ಐದಾರು ಮಕ್ಕಳನ್ನು ಬದಲಾಯಿಸಿದರೆ ಟೀಮು ಮತ್ತೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತೆ. ನಿಮ್ಮ ಲೀಗು ಬೇಕಾದಾಗ ಬದಲಾಯಿಸಲು ಬಿಡುತ್ತಾ ಕೇಳಿ ನೋಡಿ. ಬಿಟ್ಟರೆ ಎಂಟು ನಿಮಿಷಕ್ಕೊಮ್ಮೆ ಇಬ್ಬರು ಮೂವರನ್ನು ಬದಲಾಯಿಸಿ. ಆದರೆ ಗಡಿಯಾರ ನೋಡುವ ಕೆಲಸ ನಿಮ್ಮದಾಗಬಾರದು. ಒಬ್ಬ ಅಪ್ಪನಿಗೋ ಅಮ್ಮನಿಗೋ ಪಟ್ಟಿ ಕೊಟ್ಟುಬಿಡಿ. ನಾನು ದೂರು ಹೇಳಿದವರಿಗೇ ಕೊಟ್ಟೆ. ಬೇರೆಯವರ ಮಕ್ಕಳ ನಿಮಿಷವನ್ನೂ ಎಣಿಸಿದ ಮೇಲೆ ಅವರೇ ನನ್ನ ದೊಡ್ಡ ಆಸರೆ ಆದರು.

ಇನ್ನೊಂದು. ಮ್ಯಾಚಿನಲ್ಲಿ ಸಿಗದ ಆಟವನ್ನು ಪ್ರಾಕ್ಟೀಸ್‌ನಲ್ಲಿ ಕೊಡಿ. ಮಕ್ಕಳನ್ನು ಸಾಲಾಗಿ ನಿಲ್ಲಿಸಿ ಒಬ್ಬೊಬ್ಬರಿಂದಲೇ ಗೋಲಿನತ್ತ ಚೆಂಡು ಒದೆಸುವುದು ಬೇಡ. 12 ಮಕ್ಕಳು ಅಂದರೆ ಮೂವರ ನಾಲ್ಕು ಟೀಮು. ಕೋನ್ ಇಟ್ಟು ಎರಡು ಪುಟ್ಟ ಮೈದಾನ ಮಾಡಿದರೆ ಯಾರೂ ಹೊರಗೆ ಉಳಿಯಲ್ಲ, ಎಲ್ಲರ ಕಾಲಿಗೂ ಚೆಂಡು ಸಿಗುತ್ತೆ.

ಸ್ಯಾನ್ ಹೋಸೆಯಿಂದ ಮತ್ತೆ

ಬೆಂಗಳೂರಿನ ಅಮ್ಮ ಹೇಳಿದ್ದು ನನಗೆ ಹೊಳೆದೇ ಇರಲಿಲ್ಲ. ಇಷ್ಟು ವರ್ಷ ಚೀಟಿ ನನ್ನ ಜೇಬಿನಲ್ಲೇ ಇತ್ತು. ಈ ಶನಿವಾರದಿಂದ ತೋರಿಸ್ತೀನಿ.

ಕೇಳಿದವರು, ಎರಡು ವಾರದ ಮೇಲೆ

ಎಲ್ಲರಿಗೂ ತುಂಬ ಥ್ಯಾಂಕ್ಸ್. ಅಪ್ಪ ಅಮ್ಮಂದಿರಿಗೆ ಮೊದಲೇ ಮೆಸೇಜ್ ಹಾಕಿದೆ: ಮೂರು ಮ್ಯಾಚಿನಲ್ಲಿ ನಿಮ್ಮ ಮಗುವಿಗೆ ಏಳು ಸರದಿ, ಎಲ್ಲರಿಗೂ ಅಷ್ಟೇ. ಚೀಟಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಕೂಲರ್ ಬಾಕ್ಸಿನ ಮುಚ್ಚಳಕ್ಕೆ ಅಂಟಿಸಿದ್ದೆ. ಮಕ್ಕಳು ನೀರು ಕುಡಿಯಲು ಬಂದಾಗಲೆಲ್ಲ ತಮ್ಮ ಹೆಸರಿನ ಮೇಲೆ ಬೆರಳಿಟ್ಟು ನೋಡಿಕೊಂಡು ಹೋಗ್ತಿದ್ದರು. ಎರಡನೇ ಮ್ಯಾಚ್ 1-4ರಲ್ಲಿ ಸೋತೆವು. ಯಾರೂ ಸಮಯದ ಬಗ್ಗೆ ಕೇಳಲಿಲ್ಲ.

ಒಂದೇ ತೊಡಕು ಉಳಿದಿದೆ. ಒಬ್ಬಳು ಹುಡುಗಿಗೆ ಗೋಲಿ ಆಗುವುದಕ್ಕೆ ವಿಪರೀತ ಭಯ. ಮುಂದಿನ ಶನಿವಾರ ಅವಳ ಸರದಿ. ಗ್ಲೌಸ್ ಮನೆಗೆ ಕೊಟ್ಟು ಕಳಿಸಿದ್ದೀನಿ, ಹಿತ್ತಲಲ್ಲಿ ಅವರಪ್ಪ ಮೆತ್ತನೆಯ ಚೆಂಡಿನಲ್ಲಿ ಆಡಿಸ್ತಾರಂತೆ. ಆಮೇಲೂ ಬೇಡ ಅಂದರೆ ಬಲವಂತ ಮಾಡಲ್ಲ. ಅವಳ ಬದಲು ನಿಲ್ಲಲು ನನ್ನ ಮಗಳು ಒಪ್ಪಿದ್ದಾಳೆ.