ಚೇಳು ಪ್ಲಾಸ್ಟಿಕ್ ಆಟದ ಸಾಮಾನಿನ ಥರ ಕಾಣುತ್ತಿದೆ. ಬ್ಲೆಂಡರಿನ 3ಡಿ ಕೆಲಸ ಎಲ್ಲಿ ನಿಲ್ಲಿಸಿ ಕ್ರಿಟಾದ ಬಣ್ಣದ ಕೆಲಸ ಎಲ್ಲಿ ಶುರು ಮಾಡಬೇಕು?

ಫ್ಲೆಕ್ಸ್ ಹುಡುಗ, ಬಂಗಾರಪೇಟೆ:

ನಮಸ್ಕಾರ. ನಾನು ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ ಮಾಡುತ್ತೇನೆ. ಹಗಲೆಲ್ಲ ಹುಟ್ಟುಹಬ್ಬದ ಬ್ಯಾನರ್, ರಾತ್ರಿ ಹತ್ತರ ಮೇಲೆ ನನ್ನ ಚಿತ್ರ. ಗೇಮ್ ಕಂಪನಿಗಳಿಗೆ ತೋರಿಸಲು ಕಾನ್ಸೆಪ್ಟ್ ಆರ್ಟ್ (ಪಾತ್ರ, ಜಾಗ ಹೇಗಿರಬೇಕು ಅಂತ ಮೊದಲೇ ಬರೆಯುವ ಚಿತ್ರ) ಕೂಡಿಸುತ್ತಿದ್ದೇನೆ.

ಐಡಿಯಾ ಇದು. ಕೆಜಿಎಫ್ ಗಣಿ 2001ರಲ್ಲಿ ಮುಚ್ಚಿತು. ಅಲ್ಲಿನ ಚಾಂಪಿಯನ್ ರೀಫ್ ಗಣಿ ಮೂರು ಕಿಲೋಮೀಟರಿಗಿಂತ ಆಳ. ಅಲ್ಲಿ ಕತ್ತಲಲ್ಲಿ ಒಂದು ಚೇಳು ಬೆಳೆಯುತ್ತಲೇ ಇದ್ದು, ಈಗ ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ) ಒಡೆದು ಮೇಲೆ ಬಂದರೆ? ಚೇಳೇ ಯಾಕೆ ಅಂದರೆ, ಚಿಕ್ಕವನಿದ್ದಾಗ ಅಜ್ಜಿ ಕೋಲಾರಮ್ಮನ ಗುಡಿಗೆ ಕರೆದುಕೊಂಡು ಹೋಗಿ ಚೇಳಮ್ಮನಿಗೆ ಕೈ ಮುಗಿಸುತ್ತಿದ್ದಳು.

ಬ್ಲೆಂಡರಿನಲ್ಲಿ ಹನ್ನೊಂದು ರಾತ್ರಿ ಸ್ಕಲ್ಪ್ಟ್ ಮಾಡಿದೆ, ಮಣ್ಣು ತಿದ್ದಿದಂತೆ ಆಕಾರ ಕೊಟ್ಟೆ. 40 ಲಕ್ಷ ಪಾಲಿಗನ್ (ಆಕಾರ ಕಟ್ಟುವ ಸಣ್ಣ ಚಪ್ಪಟೆ ತುಂಡು) ಆಯಿತು. ಲ್ಯಾಪ್‌ಟಾಪಿಗೆ ಇರುವುದು 8 ಜಿಬಿ ರ‍್ಯಾಮ್, ಒಂದು ಗೆರೆ ಎಳೆದು ಟೀ ಕುಡಿದು ಬರಬಹುದು. ರೆಂಡರ್ (ಮಾಡೆಲಿನಿಂದ ತೆಗೆದ ಚಿತ್ರ) ತೆಗೆದು ಕ್ರಿಟಾದಲ್ಲಿ ಬಣ್ಣ ಹಚ್ಚಿದರೆ ಜಾತ್ರೆಯಲ್ಲಿ ಮಾರುವ ಪ್ಲಾಸ್ಟಿಕ್ ಚೇಳು! ಹಿನ್ನೆಲೆಯಲ್ಲಿ ಬರೆದ ದಿಬ್ಬಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಎಲ್ಲಿ ತಪ್ಪಿದೆ?

ಬೊಂಬೆಮನೆ, ಕೋಲಾರ:

ಚಿತ್ರ ನೋಡಿದೆ ತಮ್ಮಾ. ಬಣ್ಣಕ್ಕೆ ಬರುವ ಮೊದಲೇ ತಪ್ಪಿದೆ, ಮಣ್ಣಿನಲ್ಲೇ ಜಾಸ್ತಿ ಕೆಲಸ ಮಾಡಿದ್ದೀಯ.

ನಮ್ಮ ಮನೆಯಲ್ಲಿ ಗಣೇಶ ಮಾಡುತ್ತಾರೆ. ನಮ್ಮಪ್ಪ ಮಣ್ಣಿನಲ್ಲಿ ಕಣ್ಣಿನ ಗುಡ್ಡೆ ಮಾತ್ರ ಉಬ್ಬಿಸಿ ಬಿಡುತ್ತಾರೆ. ರೆಪ್ಪೆ, ಹುಬ್ಬು, ನೋಟ ಎಲ್ಲ ಕುಂಚಕ್ಕೆ. ಚಿಕ್ಕವನಿದ್ದಾಗ ನಾನು ಕಡ್ಡಿಯಲ್ಲಿ ರೆಪ್ಪೆ ಕೊರೆದು ಬೈಸಿಕೊಂಡಿದ್ದೇನೆ. ಬಣ್ಣ ಹಚ್ಚಿದ ಮೇಲೆ ಅದು ಗಾಯದ ಥರ ಕಂಡಿತ್ತು. ನೀನು ಚಿಪ್ಪಿನ ಮೇಲೆ ಕೊರೆದ ಸಣ್ಣ ಗುಳಿಗಳೂ ಹಾಗೇ. ಎಲ್ಲಾ ಕಡೆ ಒಂದೇ ಸಮ ವಿವರ ಇದ್ದರೆ ಕಣ್ಣು ಎಲ್ಲೂ ನಿಲ್ಲುವುದಿಲ್ಲ.

ಮೊದಲು ಕ್ಯಾಮೆರಾ ಇಟ್ಟು ಲಾಕ್ ಮಾಡು. ಕಾಣದ ಕಡೆಯ ಕಾಲುಗಳನ್ನು ಮುಟ್ಟಲೇಬೇಡ. ಬಾಲಕ್ಕೆ ಐದು ಗಂಟು, ತುದಿಗೆ ಕೊಂಡಿ, ಅಲ್ವಾ? ಒಂದು ಗಂಟು ಚೆನ್ನಾಗಿ ಮಾಡಿ ಕಾಪಿ ಮಾಡು, ತುದಿಯ ಕಡೆಗೆ ಸ್ವಲ್ಪ ಉದ್ದ ಎಳೆ. ವಾಕ್ಸೆಲ್ ರೀಮೆಶ್ (ಮೈಯನ್ನು ಸಮ ಅಳತೆಯ ತುಂಡುಗಳಲ್ಲಿ ಮತ್ತೆ ಕಟ್ಟುವುದು) ದಪ್ಪಗೆ ಇಟ್ಟು ದೇಹದ ಆಕಾರ ಮಾತ್ರ ಹಿಡಿ. ಚಿತ್ರವನ್ನು ಹೆಬ್ಬೆಟ್ಟಿನಷ್ಟು ಚಿಕ್ಕದು ಮಾಡಿ ನೋಡು. ಚೇಳು ಅಂತ ಗೊತ್ತಾದರೆ ಸ್ಕಲ್ಪ್ಟಿಂಗ್ ಮುಗಿಯಿತು. ಎರಡು ರಾತ್ರಿ ಸಾಕು.

ಈಗ ರೆಂಡರ್. ಒಂದೇ ಚಿತ್ರ ತೆಗೆದಿದ್ದೀಯ, ಅದೇ ತೊಂದರೆ. ಹೊಳಪಿಲ್ಲದ ಬೂದು ಮಟೀರಿಯಲ್ ಹಾಕಿ, ಒಂದೇ ಸೂರ್ಯ ಇಟ್ಟು ಒಂದು ತೆಗೆ. ಆಂಬಿಯೆಂಟ್ ಅಕ್ಲೂಷನ್ ಪಾಸ್ (ಪಾಸ್ ಅಂದರೆ ಒಂದೇ ವಿಷಯ ತೋರಿಸುವ ರೆಂಡರ್) ಬೇರೆ. ದೂರ ಹತ್ತಿರ ತೋರಿಸುವ ಮಿಸ್ಟ್ ಪಾಸ್ ಬೇರೆ. ಆಮೇಲೆ ವರ್ಕ್‌ಬೆಂಚ್ ಅನ್ನುವ ಬ್ಲೆಂಡರಿನ ಸರಳ ರೆಂಡರಿನಲ್ಲಿ ಲೈಟಿಂಗ್ ಫ್ಲ್ಯಾಟ್, ಕಲರ್ ರ‍್ಯಾಂಡಮ್ ಕೊಟ್ಟು ಇನ್ನೊಂದು. ಆಗ ಒಂದೊಂದು ಆಬ್ಜೆಕ್ಟಿಗೂ ಒಂದೊಂದು ಬಣ್ಣ ಬರುತ್ತದೆ. ಕಾಲು ಬೇಕಾದರೆ ಕ್ರಿಟಾದಲ್ಲಿ ಆ ಬಣ್ಣ ಮುಟ್ಟಿ ಸೆಲೆಕ್ಟ್ ಮಾಡಿದರೆ ಆಯಿತು, ಅಂಚು ಕತ್ತರಿಸುವ ಗೋಳಿಲ್ಲ. ಆ ರೆಂಡರಿಗೆ ಮಾತ್ರ ಆಂಟಿ ಏಲಿಯಾಸಿಂಗ್ (ಅಂಚು ನಯ ಮಾಡುವುದು) ತೆಗೆದುಬಿಡು.

ಅಕ್ಲೂಷನ್ ಅಂದರೆ ಸಂದಿಗೊಂದಿಯ ಕತ್ತಲೆ. ಅದನ್ನು ಕೆಳಗಿನ ಬಣ್ಣ ಗಾಢ ಮಾಡುವ ಮಲ್ಟಿಪ್ಲೈನಲ್ಲಿ ಇಡು, ಆದರೆ ಹಾಗೇ ಬಿಟ್ಟರೆ ಮಸಿ ಬಳಿದಂತೆ ಇರುತ್ತದೆ. ಸ್ವಲ್ಪ ಕಂದು ಬಣ್ಣಕ್ಕೆ ತಿರುಗಿಸಿ, ಬಿಸಿಲು ಬಿದ್ದ ಕಡೆ ಅರ್ಧ ಅಳಿಸು. ಮಿಸ್ಟ್ ಪಾಸನ್ನು ಮಾಸ್ಕ್ (ಎಲ್ಲಿ ಎಷ್ಟು ಬಣ್ಣ ಬೀಳಬೇಕು ಅಂತ ತಡೆಯುವ ಪರದೆ) ಮಾಡಿ ಧೂಳಿನ ಬಣ್ಣ ಸುರಿ. ದೂರದ ಕೊಂಡಿ ಮಾಸಲಾಗಿ, ಹತ್ತಿರದ ಇಕ್ಕಳ ಗಟ್ಟಿಯಾಗಿ ನಿಲ್ಲುತ್ತದೆ.

ದಿಬ್ಬಕ್ಕೂ ಚೇಳಿಗೂ ಯಾಕೆ ಹೊಂದುತ್ತಿಲ್ಲ ಗೊತ್ತಾ? ಆ ದಿಬ್ಬ ಬಿಳಿ ಬೂದು. ಬಿಸಿಲು ಬಿದ್ದರೆ ನೆಲವೇ ಮೇಲಕ್ಕೆ ಬೆಳಕು ಎರಚುತ್ತದೆ. ನೀನು ಹೊಟ್ಟೆಯ ಅಡಿ ಕಪ್ಪು ಮಾಡಿದ್ದೀಯ. ಅಲ್ಲಿಗೆ ದಿಬ್ಬದ ಬಣ್ಣ ಹಚ್ಚು. ಕಾಲಿನ ತುದಿಗೆ ಧೂಳು ಮೆತ್ತು. ರೆಂಡರಿನ ಚೂಪಾದ ಅಂಚುಗಳನ್ನು ಒರಟು ಬ್ರಷ್ಷಿನಲ್ಲಿ ತಿಂದುಹಾಕು. ಎಷ್ಟು ದೊಡ್ಡದು ಅಂತ ತಿಳಿಯಲು ಪಕ್ಕದಲ್ಲಿ ಶಾಫ್ಟ್ (ಗಣಿಯ ಬಾವಿ) ಮೇಲಿನ ಕಬ್ಬಿಣದ ಗೋಪುರ ಒಂದು ಬರಲಿ.

ಮುಳಬಾಗಿಲು ಮೆಶ್:

ಅಣ್ಣ ಹೇಳಿದ್ದು ಚಿತ್ರಕ್ಕೆ ಸರಿ. ಆದರೆ ಕಾಣದ ಕಡೆಯ ಕಾಲು ಬೇಡ ಅನ್ನುವುದಕ್ಕೆ ನನ್ನ ತಕರಾರಿದೆ. ಗೇಮ್ ಕಂಪನಿಗೆ ತೋರಿಸುವುದಾದರೆ ಮಾಡೆಲ್ ಮಾಡುವವರು ಹಿಂದಿನಿಂದ ಹೇಗಿದೆ ಅಂತ ಕೇಳೇ ಕೇಳುತ್ತಾರೆ. ದಪ್ಪ ಆಕಾರವಾದರೂ ಸುತ್ತ ಇರಲಿ. ಮುಂದೆ, ಪಕ್ಕ, ಹಿಂದೆ ಮೂರು ಬೂದು ರೆಂಡರ್ ಪಕ್ಕದಲ್ಲೇ ಅಂಟಿಸು.

ಹ್ಯಾಂಗ್ ಆಗುವುದಕ್ಕೆ: ಆಬ್ಜೆಕ್ಟಿನ ಸ್ಕೇಲ್ ಅಪ್ಲೈ (ಹಿಗ್ಗಿಸಿದ, ಕುಗ್ಗಿಸಿದ ಅಳತೆಯನ್ನು ಖಾಯಂ ಮಾಡುವುದು) ಮಾಡಿದ್ದೀಯಾ? ಇಲ್ಲದಿದ್ದರೆ ರೀಮೆಶ್ ಅಳತೆ ಲೆಕ್ಕ ತಪ್ಪುತ್ತದೆ.

ಫ್ಲೆಕ್ಸ್ ಹುಡುಗ, ಬಂಗಾರಪೇಟೆ:

ಸ್ಕೇಲ್ ಅಪ್ಲೈ ಮಾಡಿರಲಿಲ್ಲ, ನಾಚಿಕೆ ಆಯಿತು. ಹಳೆ ಫೈಲ್ ಪಕ್ಕಕ್ಕಿಟ್ಟು ಹೊಸದಾಗಿ ಮಾಡಿದೆ. 3 ಲಕ್ಷ ಪಾಲಿಗನ್ನಿಗೇ ಮುಗಿಯಿತು, ಮೂರು ರಾತ್ರಿ. ಹೊಟ್ಟೆಯ ಅಡಿಗೆ ದಿಬ್ಬದ ಬೂದು ಹಚ್ಚಿದ ಕೂಡಲೇ ಚೇಳು ನೆಲಕ್ಕೆ ಕೂತಿತು ಅಣ್ಣಾ, ಸುಮ್ನೆ ಹೇಳುತ್ತಿಲ್ಲ. ಅಂಗಡಿಯ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತಿದ್ದೆ. ಓನರ್ ಬಂದು "ಇದು ಯಾರ ಹುಟ್ಟುಹಬ್ಬಕ್ಕೆ?" ಅಂದರು.

ಎಡಗಡೆಯ ಮೂರನೇ ಕಾಲು ಮಾತ್ರ ಇನ್ನೂ ತೇಲುತ್ತಿದೆ. ಭಾನುವಾರ ದಿಬ್ಬದ ಹತ್ತಿರ ಹೋಗಿ ಸಂಜೆ ನೆರಳು ಎಷ್ಟು ಉದ್ದ ಬೀಳುತ್ತದೆ ನೋಡಿಕೊಂಡು ಬಂದು ಸರಿ ಮಾಡುತ್ತೇನೆ.